ಗಂಟೆಗೆ ಎರಡೇ ಡಿಗ್ರಿ

ಹೋದ ವರ್ಷ ಮೈಸೂರಿನಲ್ಲಿ ನಿವೃತ್ತ ನರ್ಸುಗಳ ಒಂದು ಸಭೆ ಇತ್ತು. ಊಟ ಚೆನ್ನಾಗಿರುತ್ತದೆ ಅಂತ ಯಾರೋ ಹೇಳಿದ್ದರಿಂದ ನಾನೂ ಹೋದೆ. ಊಟಕ್ಕೆ ಮೊದಲು ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಪರದೆಯ ಮೇಲೆ ಚಿತ್ರ ತೋರಿಸುತ್ತಾ ಒಂದು ಯಂತ್ರದ ವಿಷಯ ಹೇಳಿದರು. ಹಿಮದಲ್ಲೋ ನೀರಿನಲ್ಲೋ ಸಿಕ್ಕಿ ಮೈ ಕೊರಡಾದವರನ್ನು, ಎದೆಬಡಿತವೇ ನಿಂತುಹೋದವರನ್ನೂ ಕೂಡ, ಆ ಯಂತ್ರಕ್ಕೆ ಜೋಡಿಸುತ್ತಾರಂತೆ. ತೊಡೆಯ ದಪ್ಪ ರಕ್ತನಾಳಕ್ಕೆ ಕೊಳವೆ ಹಾಕಿ ರಕ್ತವನ್ನು ಹೊರಗೆ ತೆಗೆದು, ಅದಕ್ಕೆ ಪ್ರಾಣವಾಯು ಸೇರಿಸಿ, ಬೆಚ್ಚಗೆ ಮಾಡಿ, ಮತ್ತೆ ಮೈಯೊಳಕ್ಕೆ ಬಿಡುತ್ತಾರಂತೆ. ಅಷ್ಟು ಹೊತ್ತು ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಯಂತ್ರವೇ ನೋಡಿಕೊಳ್ಳುತ್ತದೆ. ಸತ್ತರು ಅಂತ ಕೈಬಿಟ್ಟವರು ಕೆಲವರು ಎದ್ದು ನಡೆದುಕೊಂಡೇ ಮನೆಗೆ ಹೋಗಿದ್ದಾರಂತೆ.

"ಆದರೆ ಅವಸರ ಮಾಡಬಾರದು. ನಿಧಾನವಾಗಿ ಬಿಸಿ ಏರಿಸಬೇಕು" ಅಂದರು ಡಾಕ್ಟರು. ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಗೆಳತಿ ತೊಡೆ ಚಿವುಟಿದಳು. ಪ್ರಶ್ನೆ ಇದ್ದರೆ ಕೇಳಿ ಅಂದಾಗ ನಾನು ಎದ್ದು ನಿಂತು, "ಪ್ರಶ್ನೆ ಏನಿಲ್ಲ ಡಾಕ್ಟ್ರೇ. ನಿಮ್ಮ ಯಂತ್ರ ಕರೆಂಟಿನದು, ನಮ್ಮದು ಸೌದೆಯದಾಗಿತ್ತು, ಅಷ್ಟೇ" ಅಂದೆ. ಸಭೆ ನಕ್ಕಿತು. ಮುದುಕಿಗೆ ಅರಳುಮರಳು ಅಂದುಕೊಂಡಿರಬೇಕು. ಆದರೆ ಆ ಡಾಕ್ಟರು ಒಳ್ಳೆಯವರು, ಊಟದ ಹೊತ್ತಿಗೆ ಎಲೆ ಹಿಡಿದುಕೊಂಡು ನನ್ನ ಪಕ್ಕಕ್ಕೇ ಬಂದು ಕೂತರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವತ್ತು ಮಧ್ಯದಲ್ಲಿ ಹೋಳಿಗೆ ಬಂದದ್ದರಿಂದ ಅರ್ಧ ಕಥೆ ಹೋಳಿಗೆಯ ಜೊತೆ ಹೊಟ್ಟೆಗೆ ಹೋಯಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಹೆರಿಗೆ ತರಬೇತಿ ಮುಗಿಸಿದ ಕೂಡಲೇ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಗೆ ಹಾಕಿದರು. ಬೆಟ್ಟದಪುರದ ಬೆಟ್ಟ ಬೆಳಗ್ಗೆ ಬಾಗಿಲು ತೆಗೆದರೆ ಎದುರಿಗೇ ಕಾಣುತ್ತಿತ್ತು. ಒಂದು ಕೋಣೆ, ಒಂದು ಮೇಜು, ಸೂಜಿ ಕುದಿಸುವ ಪಾತ್ರೆ, ಸರ್ಕಾರ ಕೊಟ್ಟ ಚರ್ಮದ ಚೀಲ, ಇವಿಷ್ಟು ನನ್ನ ಆಸ್ತಿ. ಚೀಲ ಹಿಡಿದುಕೊಂಡು ಬೀದಿಯಲ್ಲಿ ನಡೆದರೆ ನನಗೇ ನನ್ನ ಮೇಲೆ ಹೆಮ್ಮೆ ಉಕ್ಕುತ್ತಿತ್ತು. ಊರಿನವರಿಗೆ ಮಾತ್ರ ಏನೂ ಉಕ್ಕಲಿಲ್ಲ. ಹೆರಿಗೆ ಅಂದರೆ ಅವರಿಗೆ ಒಬ್ಬಳೇ ಗೊತ್ತು, ಊರಿನ ಸೂಲಗಿತ್ತಿ ಅಜ್ಜಿ.

ಅಜ್ಜಿಗೆ ಅರವತ್ತೈದು ದಾಟಿತ್ತು. ಕಡ್ಡಿಯಂತಹ ಮೈ, ಬಾಯಿ ತುಂಬ ಎಲೆಅಡಿಕೆ ಹೊಗೆಸೊಪ್ಪು, ಕಿವಿಯಲ್ಲಿ ಜೋಲಾಡುವ ಓಲೆ. ಊರಿನಲ್ಲಿ ನಲವತ್ತೈದರೊಳಗಿನವರೆಲ್ಲ ಅವಳ ಕೈಯಲ್ಲೇ ಭೂಮಿಗೆ ಬಂದವರು. ದಪ್ಪ ಮೀಸೆಯ ಪಟೇಲರನ್ನೂ ಬೀದಿಯಲ್ಲಿ ನಿಲ್ಲಿಸಿ, "ಲೇ, ನೀ ಉಟ್ಟಾಗ ಬೆಕ್ಕಿನ್ ಮರಿ ಅಂಗಿದ್ದೆ ಕಣ್ಲಾ" ಅನ್ನುವಳು. ಪಟೇಲರು ಹಲ್ಲು ಕಿರಿದುಕೊಂಡು ನಿಲ್ಲುವರು. ಅಂಥವಳ ಎದುರಿಗೆ ಚೀಲದ ಹುಡುಗಿಯನ್ನು ಯಾರು ಕರೆಯುತ್ತಾರೆ?

ನನಗೂ ಅವಳಿಗೂ ಜಗಳ ಹತ್ತಲು ಹೆಚ್ಚು ದಿನ ಬೇಕಾಗಲಿಲ್ಲ. ಊರಿನ ಗೌಡರ ಸೊಸೆಯ ಹೆರಿಗೆಯಲ್ಲಿ ಅವಳು ಹೊಕ್ಕುಳಬಳ್ಳಿ ಕೊಯ್ಯಲು ಕುಡುಗೋಲು ಕೇಳಿದಳು. ನಾನು ಬಾಗಿಲಲ್ಲೇ ನಿಂತು, ಅದನ್ನು ಕುದಿಸದೆ ಮುಟ್ಟಬಾರದು, ಮಗುವಿಗೆ ನಂಜಾಗುತ್ತದೆ ಅಂತ ಹತ್ತು ಜನರ ಎದುರಿಗೆ ಕೂಗಾಡಿದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ಎಷ್ಟು ಎತ್ತಿದ್ದೀಯೆ ಅಮ್ಮಿ?" ಅಂದಳು. ನನಗಿನ್ನೂ ಮದುವೆಯೇ ಆಗಿರಲಿಲ್ಲ. ಹೆಂಗಸರೆಲ್ಲ ಗೊಳ್ಳೆಂದರು. ನಾನು ಕೆಂಡವಾಗಿ, "ನೀವು ಬದುಕಿರೋ ತನಕ ಈ ಊರಿಗೆ ನರ್ಸು ಬೇಕಾಗಿಲ್ಲ ಬಿಡಿ" ಅಂದು ಬಂದೆ. ಆಮೇಲೆ ಮೂರು ತಿಂಗಳು ಮಾತಿಲ್ಲ. ದಾರಿಯಲ್ಲಿ ಎದುರಾದರೆ ಅವಳು ಆ ಕಡೆ ಉಗಿಯುವಳು, ನಾನು ಈ ಕಡೆ ನೋಡುವೆ.

ಅವಳದ್ದೊಂದು ಪದ್ಧತಿ ಇತ್ತು. ಎಲ್ಲಿ ಹೆರಿಗೆ ಮಾಡಿಸಲಿ, ತಲೆಗೆ ನೀರು ಹಾಕಿಕೊಳ್ಳದೆ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಆ ಸ್ನಾನವೂ ಮನೆಯ ಹಂಡೆಯ ಬಿಸಿನೀರಿನಲ್ಲಿ ಆಗಕೂಡದು. ಊರ ಹೊರಗೆ ಗೌಡರ ಹೊಲದಲ್ಲಿ ಕಲ್ಲಿನ ಮೆಟ್ಟಿಲಿನ ಬಾವಿಯಿತ್ತು, ಅದರಲ್ಲಿ ಇಳಿದು ತಣ್ಣೀರನ್ನೇ ಸುರಿದುಕೊಂಡು ಬರಬೇಕು. ಮಳೆಯಾಗಲಿ ಚಳಿಯಾಗಲಿ ಅದು ತಪ್ಪುತ್ತಿರಲಿಲ್ಲ.

ದೀಪಾವಳಿ ಕಳೆದ ವಾರ ಜಡಿಮಳೆ ಹಿಡಿದುಕೊಂಡಿತು. ಕೊಡಗಿನ ಕಡೆಯಿಂದ ಗಾಳಿ, ಮೂಳೆಯೊಳಕ್ಕೆ ಇಳಿಯುವಂಥ ಥಂಡಿ. ಅಜ್ಜಿ ಎರಡು ಮೈಲಿಯಾಚೆ ಕಾಡುಜನರ ಹಾಡಿಯಲ್ಲಿ ಒಂದು ಹೆರಿಗೆ ಮುಗಿಸಿ ಮುಸ್ಸಂಜೆಗೆ ಹೊರಟು ಬಂದಿದ್ದಳು. ಪದ್ಧತಿಯಂತೆ ಬಾವಿಗೆ ಇಳಿದಳು. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿತು, ಪಾದ ಉಳುಕಿತು, ಎದೆಮಟ್ಟದ ನೀರಿಗೆ ಬಿದ್ದಳು. ಕೈಗೆ ಒಂದು ಕಲ್ಲು ಸಿಕ್ಕಿತು, ಆದರೆ ಹತ್ತಿ ಬರಲು ಆಗಲಿಲ್ಲ. ಕೂಗಿದ್ದಾಳೆ, ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸಿಲ್ಲ. ಅವಳಿದ್ದದ್ದು ಮಗಳ ಮನೆಯಲ್ಲಿ, ಅವರು ಮಳೆ ಅಂತ ಹಾಡಿಯಲ್ಲೇ ಉಳಿದಿರಬೇಕು ಅಂದುಕೊಂಡು ಮಲಗಿದರು. ಇದೆಲ್ಲ ನಮಗೆ ಆಮೇಲೆ ಅವಳ ಬಾಯಿಂದಲೇ ಗೊತ್ತಾದದ್ದು.

ಬೆಳಗ್ಗೆ ನಾನು ಕಾಫಿ ಕಾಸುತ್ತಿದ್ದೆ. ಓಡಿಬಂದವಳು ಗೌಡತಿ. ತಲೆಯ ಮೇಲೆ ಸೆರಗೂ ಇಲ್ಲ. "ನರ್ಸಮ್ಮ, ಸೂಲಗಿತ್ತಿ ಓಗ್ಬುಟ್ಳು ಕಣವ್ವ. ಬಾವೀಲಿ ಸಿಕ್ಕವ್ಳೆ" ಅಂದು ಅಳತೊಡಗಿದಳು. ನನಗೆ ಮೊದಲು ನೆನಪಾದದ್ದು ನಾನೇ ಆಡಿದ ಮಾತು, ನೀವು ಬದುಕಿರೋ ತನಕ ಅನ್ನುವುದು. ಕಾಫಿ ಒಲೆಯ ಮೇಲೇ ಉಳಿಯಿತು, ಚೀಲ ಎತ್ತಿಕೊಂಡು ಓಡಿದೆ.

ಬಾವಿಯಲ್ಲಿ ಸತ್ತವರನ್ನು ಊರೊಳಗೆ ತರಬಾರದು ಅಂತ ಅಲ್ಲಿಯ ನಂಬಿಕೆ. ಹಾಗಾಗಿ ಅಜ್ಜಿಯನ್ನು ಮಗಳ ಮನೆಗೂ ಒಯ್ಯಲಿಲ್ಲ, ಚಾವಡಿಗೂ ಒಯ್ಯಲಿಲ್ಲ. ಹತ್ತಿರದಲ್ಲಿದ್ದ ಗೌಡರ ಬ್ಯಾರನ್‌ನ ಮುಂದಿನ ಚಪ್ಪರದಲ್ಲಿ ಮಲಗಿಸಿದ್ದರು. ಹೊಗೆಸೊಪ್ಪಿನ ಸೀಮೆ ಕಾಣದವರಿಗೆ ಬ್ಯಾರನ್ ಅಂದರೆ ಏನು ಅಂತ ಹೇಳಬೇಕು. ನಾನು ಕೆ.ಆರ್. ನಗರದ ಕಡೆಯ ಭತ್ತದ ಬಯಲಿನವಳು, ನನಗೂ ಮೊದಲು ಗೊತ್ತಿರಲಿಲ್ಲ. ಅದು ಕಿಟಕಿಯೇ ಇಲ್ಲದ ಎತ್ತರದ ಮನೆ. ಹಸಿ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ತಲೆಯೆತ್ತರದಿಂದ ಸೂರಿನವರೆಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಬಿಸಿ ತಗಡಿನ ದಪ್ಪ ಕೊಳವೆಗಳಲ್ಲಿ ಒಳಗಿನ ನೆಲದುದ್ದಕ್ಕೂ ಹರಿಯುತ್ತದೆ, ಹೊಗೆ ಹೊರಗೆ ಹೋಗುತ್ತದೆ. ಮೊದಲ ದಿನ ಎಲೆ ಹಳದಿಗೆ ತಿರುಗಲು ಮನುಷ್ಯನ ಮೈಯಷ್ಟೇ ಬಿಸಿ ಸಾಕು. ಆಮೇಲೆ ದಿನದಿಂದ ದಿನಕ್ಕೆ ಏರಿಸುತ್ತಾ ಹೋಗುತ್ತಾರೆ. ಆ ಬ್ಯಾರನ್‌ಗೆ ಎಲೆ ತುಂಬಿದ್ದು ಹಿಂದಿನ ದಿನ.

ಚಪ್ಪರದಲ್ಲಿ ಜನ ಸೇರಿದ್ದರು. ತಮಟೆಯವರಿಗೆ ಹೇಳಿಕಳಿಸಿಯೂ ಆಗಿತ್ತು. ಅಜ್ಜಿಯ ಮೈ ಬೂದಿ ಬಣ್ಣಕ್ಕೆ ತಿರುಗಿ, ಕೈಕಾಲು ಮಡಿಸಿದಂತೆಯೇ ಸೆಟೆದಿತ್ತು. ಮುಟ್ಟಿದರೆ ಕಲ್ಲು ಮುಟ್ಟಿದ ಹಾಗೆ. ಉಸಿರಾಡುವುದು ಕಾಣಲಿಲ್ಲ. ಮಣಿಕಟ್ಟಿನಲ್ಲಿ ನಾಡಿಯೂ ಇಲ್ಲ. ಹೆಣದ ಸ್ನಾನಕ್ಕೆ ಅಂತ ಆಗಲೇ ಹಂಡೆಯಲ್ಲಿ ನೀರು ಕಾಯುತ್ತಿತ್ತು.

ತರಬೇತಿಯಲ್ಲಿ ನಮಗೊಬ್ಬರು ಲೇಡಿ ಡಾಕ್ಟರು ಇದ್ದರು, ಸಿಡುಕಿನ ಹೆಂಗಸು. ಚಳಿಗೆ ನೀಲಿಯಾಗಿ ಹುಟ್ಟಿದ ಮಗುವನ್ನು ನಾನೊಮ್ಮೆ ಸತ್ತಿದೆ ಅಂದದ್ದಕ್ಕೆ ಕಿವಿ ಹಿಂಡಿ ಹೇಳಿದ್ದರು: ತಣ್ಣಗಿರುವುದನ್ನು ಸತ್ತಿದೆ ಅನ್ನಬೇಡ, ಬೆಚ್ಚಗೆ ಮಾಡು, ಬೆಚ್ಚಗಾದ ಮೇಲೂ ಏಳದಿದ್ದರೆ ಆಗ ಅನ್ನು. ಅದು ನೆನಪಾಗಿ ನಾನು ಅಜ್ಜಿಯ ಪಕ್ಕ ಮಂಡಿಯೂರಿ ಕೂತು ಕೊರಳ ಮೇಲೆ ಎರಡು ಬೆರಳಿಟ್ಟೆ. ಸುಮ್ಮನಿರಿ ಅಂತ ಎಲ್ಲರಿಗೂ ಗದರಿದೆ. ಗಡಿಯಾರ ನೋಡುತ್ತಾ ಕೂತೆ. ಏನೂ ಇಲ್ಲ, ಏನೂ ಇಲ್ಲ. ಬೆರಳು ತೆಗೆಯಬೇಕು ಅನ್ನುವಷ್ಟರಲ್ಲಿ ಒಂದು ಸಣ್ಣ ಮಿಡಿತ. ಮತ್ತೆ ಮೂರು ನಾಲ್ಕು ಸೆಕೆಂಡಿನ ಮೇಲೆ ಇನ್ನೊಂದು. ಒಂದು ನಿಮಿಷಕ್ಕೆ ಹದಿನೆಂಟು ಎಣಿಸಿದೆ.

"ಬದುಕಿದಾಳೆ!" ಅಂತ ಕಿರುಚಿದೆ. ಸಂತೋಷಪಡಬೇಕಾದ ಜನ ಎರಡು ಹೆಜ್ಜೆ ಹಿಂದೆ ಸರಿದರು. ದೆವ್ವ ಸೇರಿಕೊಂಡಿತು ಅಂದುಕೊಂಡರೋ ಏನೋ. ಆಮೇಲೆ ಎಲ್ಲರಿಗೂ ಒಟ್ಟಿಗೇ ಪ್ರೀತಿ ಉಕ್ಕಿತು. ಒಬ್ಬ ಹಂಡೆಯ ಕುದಿನೀರು ಸುರಿಯೋಣ ಅಂದ. ಇನ್ನೊಬ್ಬ ಸಾರಾಯಿ ಸೀಸೆ ತಂದ. ಮತ್ತೊಬ್ಬ ಕಾಲು ಹಿಡಿದು ತಲೆಕೆಳಗೆ ತೂಗುಹಾಕಿದರೆ ಕುಡಿದ ನೀರೆಲ್ಲ ಇಳಿಯುತ್ತದೆ ಅಂತ ಕೈ ಹಾಕಿಯೇಬಿಟ್ಟ. ನಾನು ಅವನ ಕೈಗೆ ಫಟಾರನೆ ಹೊಡೆದೆ. ನನ್ನ ಸಿಟ್ಟು ಯಾವತ್ತೂ ಯಾರಿಗೂ ಉಪಯೋಗಕ್ಕೆ ಬಂದಿರಲಿಲ್ಲ, ಅವತ್ತೊಂದು ದಿನ ಬಂತು.

ಆದರೆ ಮುಂದೇನು? ಪಿರಿಯಾಪಟ್ಟಣದ ಆಸ್ಪತ್ರೆಗೆ ಒಯ್ಯೋಣವೆಂದರೆ ಹಳ್ಳ ತುಂಬಿ ಬಸ್ಸು ನಿಂತು ಎರಡು ದಿನವಾಗಿತ್ತು. ಥರ್ಮಾಮೀಟರನ್ನು ಕಂಕುಳಲ್ಲಿಟ್ಟೆ, ಪಾದರಸ ಮೊದಲ ಗೆರೆಗೂ ಏರಲಿಲ್ಲ. ಏರುವುದಾದರೂ ಹೇಗೆ, ನಮ್ಮ ಥರ್ಮಾಮೀಟರಿನಲ್ಲಿ ಲೆಕ್ಕ ಶುರುವಾಗುವುದೇ ತೊಂಬತ್ತೈದರಿಂದ. ಜ್ವರ ಬಂದವರಿಗೆ ಮಾಡಿದ್ದು ಅದು.

ಆಗ ಹಿಂದಿನಿಂದ ಯಾರೋ, "ಎಷ್ಟು ಶಾಖ ಬೇಕವ್ವ?" ಅಂತ ಕೇಳಿದರು. ಬ್ಯಾರನ್‌ನ ಬೆಂಕಿ ನೋಡಿಕೊಳ್ಳುವವನು. ವೀರನಹೊಸಹಳ್ಳಿ ಕಡೆಯ ಕಾಡಂಚಿನ ಹಾಡಿಯವನು, ಐವತ್ತರ ಆಸುಪಾಸು, ಸೊಪ್ಪಿನ ಕಾಲ ಬಂದಾಗ ಬಂದು ಕಾಲ ಮುಗಿಯುವ ತನಕ ಒಲೆಯ ಪಕ್ಕದಲ್ಲೇ ಇರುತ್ತಿದ್ದ. ಬೆಳಗ್ಗೆ ನೀರಿಗೆ ಹೋಗಿ ಅಜ್ಜಿಯನ್ನು ಕಂಡು, ಬಾವಿಯಿಂದ ಹೊತ್ತು ತಂದವನೂ ಅವನೇ. ಅಲ್ಲಿಯವರೆಗೆ ಅವನು ನಾಲ್ಕು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ.

"ನಿಧಾನಕ್ಕೆ ಬೆಚ್ಚಗಾಗಬೇಕು. ಒಂದೇ ಸಲಕ್ಕೆ ಬಿಸಿ ತಾಗಿದ್ರೆ ಎದೆ ನಿಂತುಹೋಗಬಹುದು" ಅಂದೆ.

ಅವನು ತಲೆಯಾಡಿಸಿದ. "ಎಲೆನೂ ಅಂಗೇ ಕಣವ್ವ. ಒಂದೇ ಸಲ ಬೆಂಕಿ ಕೊಟ್ರೆ ಕರ್ರಗಾಯ್ತದೆ. ಗಂಟೆಗೆ ಎರಡೇ ಡಿಗ್ರಿ ಏರುಸ್ಬೇಕು." ಅಂದವನು ಒಳಗೆ ಹೋಗಿ ಬ್ಯಾರನ್‌ನ ಶಾಖ ನೋಡಲು ಇಟ್ಟಿದ್ದ ಉದ್ದನೆಯ ಗಾಜಿನ ಥರ್ಮಾಮೀಟರನ್ನು ತಂದುಕೊಟ್ಟ. ಅದರಲ್ಲಿ ಅರವತ್ತರಿಂದಲೇ ಗೆರೆಗಳಿದ್ದವು. ಅಜ್ಜಿಯ ಕಂಕುಳಲ್ಲಿಟ್ಟು, ತೋಳು ಒತ್ತಿಹಿಡಿದು ಐದು ನಿಮಿಷ ಕಾದೆವು. ಎಂಬತ್ತೆರಡು ತೋರಿಸಿತು. ಅಷ್ಟು ತಣ್ಣಗಾದವರು ಉಳಿಯುವುದು ಅಪರೂಪ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು.

"ಒಳೀಕೆ ತನ್ನಿ" ಅಂದ ಅವನು, ಬ್ಯಾರನ್‌ನ ಬಾಗಿಲು ತೋರಿಸಿ.

ಗೌಡರು ಅಡ್ಡ ಬಂದರು. ಬೆಂಕಿ ಹಾಕಿದ ಬ್ಯಾರನ್‌ನ ಬಾಗಿಲನ್ನು ಸುಮ್ಮಸುಮ್ಮನೆ ತೆಗೆಯುವಂತಿಲ್ಲ, ಹದ ಕೆಟ್ಟರೆ ಎಲೆಯೆಲ್ಲ ಹಾಳು. ಜೊತೆಗೆ ಬಾವಿಗೆ ಬಿದ್ದವಳನ್ನು ಒಳಗೆ ಸೇರಿಸಿ ಅಲ್ಲೇ ಅವಳು ಕಣ್ಣು ಮುಚ್ಚಿದರೆ ಗತಿಯೇನು ಅನ್ನುವ ಭಯ ಬೇರೆ. ಅವರು "ಅಲ್ಲ ಕಣಮ್ಮ..." ಅಂತ ಬಾಯಿ ತೆರೆಯುತ್ತಿದ್ದ ಹಾಗೆಯೇ ಗೌಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ನಿಮ್ಮನ್ನ ಎತ್ತಾಕ್ದೋಳು ಅವ್ಳು. ನಿಮ್ಮ ಮಕ್ಳುನ್ನ ಎತ್ತಾಕ್ದೋಳು ಅವ್ಳು. ನಿಮ್ಮ ಮೊಮ್ಮಗುನ್ನೂ ಎತ್ತಾಕ್ದೋಳು ಅವ್ಳು. ಸೊಪ್ಪು ಓದ್ರೆ ಓಯ್ತು. ಬಾಗ್ಲು ತಗೀರಿ!" ಅಂದಳು. ಗೌಡರೇ ಹೋಗಿ ಬಾಗಿಲು ತೆಗೆದರು.

ಹಗ್ಗದ ಮಂಚವನ್ನು ಕೊಳವೆಗಳಿಂದ ದೂರಕ್ಕೆ, ಗೋಡೆಯ ಬದಿಗೆ ಹಾಕಿದೆವು. ಒದ್ದೆ ಸೀರೆ ಕತ್ತರಿಸಿ ತೆಗೆದು, ಮೈ ಒತ್ತಿ ಒರೆಸಿ, ಕರಿ ಕಂಬಳಿ ಹೊದಿಸಿದೆವು. ಎತ್ತುವಾಗ ಇಳಿಸುವಾಗ ತುಂಬಿದ ಮಡಕೆ ಹಿಡಿದ ಹಾಗೆ ಹಿಡಿಯಬೇಕು ಅಂತ ನಾನು ಹೇಳಿದ್ದೆ, ನಾಲ್ಕು ಜನ ಹಾಗೆಯೇ ಹಿಡಿದರು. ಒಳಗೆ ತೊಂಬತ್ತೈದು ಡಿಗ್ರಿ ಇತ್ತು. ತಲೆಯ ಮೇಲೆ ಸಾವಿರಾರು ಹಸಿರು ಎಲೆ, ಅವುಗಳಿಂದ ಏಳುವ ಆವಿ, ಮೂಗಿಗೆ ಹೊಡೆಯುವ ಘಾಟು. ನನಗೆ ಒಂದೇ ಸಮನೆ ಸೀನು.

ಬರೀ ಕಂಬಳಿ ಸಾಲದು ಅನ್ನಿಸಿತು. ತಣ್ಣಗಾದ ಕೂಸನ್ನು ತಾಯಿಯ ಎದೆಗೆ ಹಾಕುತ್ತೇವಲ್ಲ, ಈ ಮುದುಕಿಗೆ ತಾಯಿಯನ್ನು ಎಲ್ಲಿಂದ ತರುವುದು? ಗಂಡಸರನ್ನು ಹೊರಗೆ ಕಳಿಸಿ, ನಾನೇ ಸೀರೆ ಸಡಿಲಿಸಿಕೊಂಡು ಕಂಬಳಿಯೊಳಕ್ಕೆ ಸೇರಿಕೊಂಡೆ. ಮೂರು ತಿಂಗಳು ಮುಖ ನೋಡದವಳನ್ನು ಎದೆಗಪ್ಪಿ ಮಲಗಿದೆ. ಮೊದಲ ಕ್ಷಣ ನನ್ನ ಉಸಿರೇ ಹಿಡಿದುಕೊಳ್ಳುವಷ್ಟು ತಣ್ಣಗಿದ್ದಳು. ಅವಳ ಉಸಿರು ನಿಮಿಷಕ್ಕೆ ಮೂರೋ ನಾಲ್ಕೋ. ತೀರಾ ತಡವಾದಾಗ ಕೂಸುಗಳಿಗೆ ಊದುವ ಹಾಗೆ ಅವಳ ಬಾಯಿಗೆ ಬಾಯಿಟ್ಟು ಊದಿದೆ. ರಾತ್ರಿಯೆಲ್ಲ ನೀರಿನಲ್ಲಿದ್ದರೂ ಆ ಬಾಯಿಯ ಹೊಗೆಸೊಪ್ಪಿನ ವಾಸನೆ ಮಾತ್ರ ಹೋಗಿರಲಿಲ್ಲ.

ಬ್ಯಾರನ್‌ನ ಬಾಗಿಲ ಮೇಲೆ ಆ ಬೆಂಕಿಯವನು ಗಂಟೆಗೊಮ್ಮೆ ಶಾಖವನ್ನು ಸುಣ್ಣದಲ್ಲಿ ಬರೆದಿಡುತ್ತಿದ್ದ. ಈಗ ಅದರ ಪಕ್ಕದಲ್ಲಿ ಇದ್ದಿಲಿನಿಂದ ಇನ್ನೊಂದು ಸಾಲು ಶುರುಮಾಡಿದ. ಎಲೆಗೊಂದು ಸಾಲು, ಅಜ್ಜಿಗೊಂದು ಸಾಲು. ಗೌಡತಿ ಕಂಕುಳಿಂದ ಥರ್ಮಾಮೀಟರು ತೆಗೆದು ಬಾಗಿಲ ಸಂದಿನಲ್ಲಿ ಹೊರಕ್ಕೆ ಹಿಡಿಯುವಳು, ಅವನು ಓದುವನು. ಎಂಬತ್ತೆರಡು. ಎಂಬತ್ತಮೂರೂವರೆ. ಎಂಬತ್ತೈದು. ಅವನು ಸೌದೆಯನ್ನು ಒಂದು ತುಂಡು ಒಳಗೆ ತಳ್ಳುವನು, ಅರ್ಧ ತುಂಡು ಹೊರಗೆ ಎಳೆಯುವನು. ಮಳೆ ಬೀಳುತ್ತಲೇ ಇತ್ತು. ತಮಟೆಯವರು ಬಂದು, ಬಾರಿಸಬೇಕೋ ಬೇಡವೋ ಗೊತ್ತಾಗದೆ ಚಪ್ಪರದಲ್ಲಿ ಬೀಡಿ ಸೇದುತ್ತಾ ಕೂತಿದ್ದರು.

ಹತ್ತೂವರೆಯ ಹೊತ್ತಿಗೆ ಒಂದು ಅನಾಹುತವಾಯಿತು. ಅಜ್ಜಿಯ ಮಗಳು ಅಳುತ್ತಾ ಒಳಗೆ ಬಂದವಳು, ಅಮ್ಮನ ಕಾಲು ತಣ್ಣಗಿದೆಯಲ್ಲ ಅಂತ ಬೆಳ್ಳುಳ್ಳಿ ಕಾಸಿದ ಎಣ್ಣೆ ಹಾಕಿ ಎರಡೂ ಕಾಲನ್ನು ಬರಬರನೆ ತಿಕ್ಕತೊಡಗಿದಳು. ನನಗೆ ಅತ್ತ ಗಮನವಿರಲಿಲ್ಲ. ಬೆರಳಡಿಯ ನಾಡಿ ಒಮ್ಮೆಗೇ ಕಲಸಿಹೋಯಿತು, ದಡದಡ ಓಡಿತು, ನಿಂತಿತು. ನಾನು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಅಷ್ಟು ಉದ್ದದ ಆರು ನನ್ನ ಆಯುಸ್ಸಿನಲ್ಲಿ ಮತ್ತೆ ಎಣಿಸಿಲ್ಲ. "ಕಾಲು ಬಿಡೇ!" ಅಂತ ಕೂಗಿದ ರಭಸಕ್ಕೆ ಮೇಲಿನಿಂದ ಒಂದು ಎಲೆ ಉದುರಿತು. ಏಳಕ್ಕೆ ಒಂದು ಮಿಡಿತ ಬಂತು. ಅದರ ಹಿಂದೆ ಇನ್ನೊಂದು. ಕಾಲಿನ ತಣ್ಣನೆಯ ರಕ್ತ ಒಮ್ಮೆಗೇ ಎದೆಗೆ ನುಗ್ಗಿದರೆ ಹೀಗಾಗುತ್ತದೆ ಅಂತ ಮೈಸೂರಿನ ಆ ಡಾಕ್ಟರು ಹೋದ ವರ್ಷ ವಿವರಿಸಿದರು. ಅವತ್ತು ನನಗೆ ಗೊತ್ತಿದ್ದದ್ದು ತಿಕ್ಕಬಾರದು ಅನ್ನುವುದಷ್ಟೇ. ಮಗಳನ್ನು ಬೈದೆ, ಅವಳ ಜೊತೆ ನಾನೂ ಅತ್ತೆ. ಅಜ್ಜಿ ಏಳಲಿ ದೇವರೇ, ಅವಳು ಕುದಿಸದ ಕುಡುಗೋಲಿನಲ್ಲಿ ಕೊಯ್ದರೂ ಸರಿ ಅಂದುಕೊಂಡೆ. ಆಮೇಲೆ ದೇವರು ಹಾಗೇ ನಡೆಸಿಬಿಟ್ಟರೆ ಕಷ್ಟ ಅಂತ, ಕುಡುಗೋಲು ಮಾತ್ರ ಬೇಡ ಅಂತ ತಿದ್ದಿಕೊಂಡೆ.

ಎಂಬತ್ತೊಂಬತ್ತಕ್ಕೆ ಬಂದಾಗ ಮಂಚ ಅಲುಗಾಡತೊಡಗಿತು. ಅಜ್ಜಿ ನಡುಗುತ್ತಿದ್ದಳು. ಹಲ್ಲು ಕಟಕಟ, ಕೈಕಾಲು ದಬದಬ, ಮಂಚದ ಜೊತೆ ನಾನೂ ಗಡಗಡ. ಮಗಳು ಹೆದರಿದಳು. ನನಗೆ ಕುಣಿಯುವಷ್ಟು ಖುಷಿ. ಮೈ ತನಗೆ ತಾನೇ ಬೆಂಕಿ ಹಾಕಿಕೊಳ್ಳತೊಡಗಿದ ಮೇಲೆ ನಮ್ಮ ಕೆಲಸ ಅರ್ಧ ಮುಗಿದ ಹಾಗೆ. ನಾನು ಸುದ್ದಿ ಹೇಳಿದಾಗ ಹೊರಗಿನಿಂದ ಆ ಬೆಂಕಿಯವನು, "ಅಂಗಾರೆ ಸೌದೆ ಕಮ್ಮಿ ಮಾಡ್ಲಾ?" ಅಂದ. ಬೇಡ, ಗಂಟೆಗೆ ಎರಡೇ ಇರಲಿ ಅಂದೆ.

ಮೂರು ಗಂಟೆಯ ಸುಮಾರಿಗೆ ಅಜ್ಜಿ ಕಣ್ಣು ಬಿಟ್ಟಳು. ತಲೆಯ ಮೇಲೆ ತೂಗುತ್ತಿದ್ದ ಎಲೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪಕ್ಕದಲ್ಲಿ ಬೆವರಿನಲ್ಲಿ ತೊಯ್ದು ಮಲಗಿದ್ದ ನನ್ನನ್ನು ನೋಡಿದಳು. ಗುರುತು ಹತ್ತಿತು, ಹುಬ್ಬು ಗಂಟಾಯಿತು.

"ನೀ ಯಾಕಮ್ಮಿ ನನ್ ಆಸ್ಗೇಲಿದ್ದೀಯೆ?"

ಗೌಡತಿ ನಗುತ್ತಾ ಅಳುತ್ತಾ ನೆಲದ ಮೇಲೇ ಕೂತುಬಿಟ್ಟಳು. ಅಜ್ಜಿ ಮತ್ತೆ ಮೇಲೆ ನೋಡಿ, "ಅಸ್ಟೊಂದು ಒಗೆಸೊಪ್ಪು ನೇತಾಕ್ಕಂಡಿದ್ದೀರಿ, ಒಂದ್ ಚೂರು ಕೊಡ್ರೇ ಬಾಯ್ಗೆ" ಅಂದಳು. ಅದು ಸಿಗರೇಟಿನ ಸೊಪ್ಪು, ಜಗಿಯುವುದಲ್ಲ ಅಂದರೆ ಕೇಳಲಿಲ್ಲ. ನಾನು ಬೆಲ್ಲದ ನೀರು ಕುಡಿಸಿದೆ. ಅದನ್ನು ಕುಡಿದು, ಇದೂ ಒಂದು ಔಷಧಿಯಾ ಅನ್ನುವಂತೆ ಮುಖ ಸಿಂಡರಿಸಿದಳು. ಹೊರಗೆ ಸುದ್ದಿ ಹೋದ ಕೂಡಲೇ ತಮಟೆ ಬಡಿಯತೊಡಗಿತು. ಬಂದದ್ದಕ್ಕೆ ಏನಾದರೂ ಬಾರಿಸಿ ಹೋಗಬೇಕಲ್ಲ, ಮದುವೆಯದನ್ನೇ ಬಾರಿಸಿದರು.

ಮಾರನೆಯ ದಿನ ಹಳ್ಳ ಇಳಿದ ಮೇಲೆ ಪಿರಿಯಾಪಟ್ಟಣದ ಡಾಕ್ಟರು ಬಂದು ಅಜ್ಜಿಯನ್ನು ನೋಡಿದರು. ಬಾಗಿಲ ಮೇಲಿನ ಇದ್ದಿಲಿನ ಸಾಲನ್ನು ಎರಡು ಸಲ ಓದಿ, ಆ ಬೆಂಕಿಯವನ ಕೈ ಕುಲುಕಿದರು. ಅವನು ಆ ಕೈಯನ್ನು ಏನು ಮಾಡಬೇಕು ಅಂತ ತಿಳಿಯದೆ ಸ್ವಲ್ಪ ಹೊತ್ತು ಮುಂದಕ್ಕೇ ಚಾಚಿಕೊಂಡು ನಿಂತಿದ್ದ. ಗೌಡರ ಎಲೆ ಅಲ್ಲಲ್ಲಿ ಕಂದುಗಟ್ಟಿತು. ಅದನ್ನು ಅವರು ಮುಂದಿನ ವರ್ಷದವರೆಗೂ ಆಡಿಕೊಂಡರು, ಗೌಡತಿ ಎದುರಿಗಿಲ್ಲದಾಗ ಮಾತ್ರ.

ಅಜ್ಜಿ ನನಗೆ ಕೃತಜ್ಞಳಾಗಿ ಕೈಮುಗಿದಳು ಅಂತ ನೀವು ಅಂದುಕೊಂಡರೆ ಅವಳನ್ನು ನೀವು ಕಂಡಿಲ್ಲ. ಬದುಕಿಸಿದ್ದು ಹೊಗೆಸೊಪ್ಪು, ನರ್ಸಮ್ಮ ಪಕ್ಕದಲ್ಲಿ ಚೆನ್ನಾಗಿ ನಿದ್ದೆ ಹೊಡೆದಳು ಅಂತ ಊರೆಲ್ಲ ಹೇಳಿಕೊಂಡು ಬಂದಳು. ಆದರೆ ಅದಾದ ಇಪ್ಪತ್ತು ದಿನಕ್ಕೆ ಒಂದು ಹೆರಿಗೆಗೆ ಹೊರಟವಳು ನನ್ನ ಬಾಗಿಲಲ್ಲಿ ನಿಂತು, "ಬತ್ತೀಯೇನಮ್ಮಿ? ನಿನ್ ಕುದ್ಸಿದ್ ಬ್ಲೇಡೂ ತಕ್ಕಬಾ, ನೋಡಾನ ಎಂಗೆ ಕುಯ್ತದೆ" ಅಂದಳು. ಅಲ್ಲಿಂದ ಮುಂದೆ ನಾವಿಬ್ಬರೂ ಜೋಡಿ. ಹಿಡಿಯುವುದು ಅವಳು, ಕೊಯ್ಯುವುದು ನಾನು, ಬೈಯುವುದು ಇಬ್ಬರೂ. ಬಾವಿಯ ಸ್ನಾನ ಬಿಡಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಕಾಯಬೇಕು ಅನ್ನುವುದೊಂದು ಸೇರಿಕೊಂಡಿತು.

ಊರಿನಲ್ಲಿ ಇನ್ನೊಂದು ಪದ್ಧತಿಯೂ ಹುಟ್ಟಿಕೊಂಡಿತು. ಯಾರಾದರೂ ತೀರಿಕೊಂಡರೆ, "ಬೆಚ್ಚಗೆ ಮಾಡಿ ನೋಡುದ್ರಾ?" ಅಂತ ಮೊದಲು ಕೇಳುವರು. ತೊಂಬತ್ತು ದಾಟಿ ಹಾಸಿಗೆಯಲ್ಲಿ ಸುಖವಾಗಿ ಹೋದವರಿಗೂ ಎರಡು ಗಂಟೆ ಶಾಖ ಕೊಟ್ಟು, ನನ್ನನ್ನು ಕರೆಸಿ, ನಾನು ಕೊರಳು ಮುಟ್ಟಿ ಹೇಳಿದ ಮೇಲೆಯೇ ಮುಂದಿನ ಕೆಲಸ. ಚಾವಡಿಯಲ್ಲಿ ಮಲಗಿದ್ದ ಒಬ್ಬ ಕುಡುಕನಿಗೂ ಹಾಗೆ ಮಾಡಿದಾಗ, ಅವನು ಎದ್ದು ಎಲ್ಲರನ್ನೂ ಅಟ್ಟಿಸಿಕೊಂಡು ಬಂದ. ನಾನು ಬೇಡ ಅನ್ನಲಿಲ್ಲ. ಅದರಿಂದ ಯಾರಿಗೂ ಕೆಡುಕಿರಲಿಲ್ಲ.

ಐದಾರು ವರ್ಷ ಕಳೆದು ನನಗೆ ಕೆ.ಆರ್. ನಗರಕ್ಕೆ ವರ್ಗವಾಯಿತು, ಮದುವೆಯೂ ಆಗಿತ್ತು. ಒಂದು ದಿನ ಬೆಳಗ್ಗೆ ಬಸ್ಸಿನ ಕಂಡಕ್ಟರು ಬಂದು, ಸೂಲಗಿತ್ತಿ ಅಜ್ಜಿ ಏಳುತ್ತಿಲ್ಲವಂತೆ, ನೀವು ಬರುವ ತನಕ ಯಾರೂ ಏನೂ ಮಾಡುವುದಿಲ್ಲವಂತೆ ಅಂತ ಹೇಳಿದರು. ಎರಡು ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಹೋಗಿ ಸೇರಿದೆ. ಮಗಳ ಮನೆಯಲ್ಲಿ, ಒಲೆಯ ಪಕ್ಕದಲ್ಲಿ ಅವಳನ್ನು ಮಲಗಿಸಿದ್ದರು. ಎರಡೂ ಕಂಕುಳಲ್ಲಿ ಹುರಿದ ಉಪ್ಪಿನ ಗಂಟು, ಎದೆಯ ಮೇಲೆ ಕಾಸಿದ ಬಟ್ಟೆ. ಕಾಲನ್ನು ಯಾರೂ ತಿಕ್ಕಿರಲಿಲ್ಲ. ಬೆಳಗಿನಿಂದ ಸರದಿಯ ಮೇಲೆ ಒಬ್ಬೊಬ್ಬರೇ ಹೆಂಗಸರು ಅವಳನ್ನು ತಬ್ಬಿ ಮಲಗಿದ್ದರಂತೆ. ನಾನು ಹೋದಾಗ ತಬ್ಬಿಕೊಂಡಿದ್ದವಳು ಗೌಡರ ಸೊಸೆ.

"ನೋಡಿ ನರ್ಸಮ್ಮ, ಮೈಯೆಲ್ಲ ಬೆಚ್ಚಗಾಗ್ಯದೆ. ಏಳ್ತಾಳಲ್ವಾ?" ಅಂದಳು.

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕೂತು ಅಜ್ಜಿಯ ಕೊರಳ ಮೇಲೆ ಬೆರಳಿಟ್ಟೆ. ನಿಜವಾಗಿಯೂ ಬೆಚ್ಚಗಿದ್ದಳು. ಒಂದು ನಿಮಿಷ ಎಣಿಸಿದೆ. ಎರಡನೆಯದನ್ನೂ ಎಣಿಸಿದೆ. ಯಾವ ಪುಸ್ತಕದಲ್ಲೂ ಹೇಳದ ಮೂರನೆಯದನ್ನೂ ಎಣಿಸಿದೆ, ಒಂದು ಮಿಡಿತ ನನಗೆ ಸಿಗದೆ ತಪ್ಪಿಸಿಕೊಂಡಿರಬಹುದು ಅಂತ.

"ಈ ಬಿಸಿ ನೀವು ಕೊಟ್ಟದ್ದು ಕಣವ್ವ, ಅವಳದ್ದಲ್ಲ" ಅಂದೆ.

ಗೌಡರ ಸೊಸೆ ಉಪ್ಪಿನ ಗಂಟುಗಳನ್ನು ಒಂದೊಂದಾಗಿ ತೆಗೆದಳು. ಮಗಳು ಹೊರಗೆ ಹೋಗಿ ಕಾಯುತ್ತಿದ್ದವರಿಗೆ ಹೇಳಿದಳು. ನಾನು ಮಾತ್ರ ಬೆರಳು ತೆಗೆಯದೆ, ಆ ಬಿಸಿ ಆರುವ ತನಕ ಅಲ್ಲೇ ಕೂತಿದ್ದೆ.